ಮೊದಲ ಪುಟದಲ್ಲಿ ನನ್ನ ಉತ್ತರ

ಮೊಮ್ಮಗಳು ಮನ್ವಿತಾಳ ಕೈ ಮೊದಲ ಬಾರಿ ಊದಿದಾಗ ಅವಳಿಗೆ ಹತ್ತು ತಿಂಗಳು. ಬೆಳಿಗ್ಗೆ ಸ್ನಾನ ಮಾಡಿಸಲೆಂದು ಅಂಗಿ ಬಿಚ್ಚುವಾಗ ಕಂಡಿತು. ಎರಡೂ ಕೈಗಳ ಹಿಂಬದಿ ಎಣ್ಣೆಗೆ ಬಿಟ್ಟ ಬನ್ಸಿನಂತೆ ಉಬ್ಬಿತ್ತು. ಪಾದಗಳೂ ಹಾಗೆಯೇ. ಮುಟ್ಟಿದರೆ ಕಿರುಚುತ್ತಿದ್ದಳು. ಇರುವೆ ಕಚ್ಚಿರಬೇಕೆಂದು ತೊಟ್ಟಿಲಿನ ಬಟ್ಟೆಯನ್ನೆಲ್ಲ ಕೊಡವಿದೆ. ಒಂದು ಇರುವೆಯೂ ಸಿಗಲಿಲ್ಲ. ಮತ್ತೆ ನನಗೆ ತಿಳಿದದ್ದನ್ನು ಮಾಡಿದೆ. ತೆಂಗಿನೆಣ್ಣೆ ಬೆಚ್ಚಗೆ ಮಾಡಿ, ಅವಳನ್ನು ಕಾಲಮೇಲೆ ಮಲಗಿಸಿಕೊಂಡು, ಊದಿದ ಕೈಗಳನ್ನು ನೀವಿದೆ.

ಅವಳು ಅತ್ತು ಅತ್ತು ಸುಸ್ತಾಗುವವರೆಗೂ ನೀವಿದೆ.

ಎಲುಬಿನೊಳಗೆ ರಕ್ತ ಮುಂದೆ ಹೋಗದೆ ನಿಂತಿತ್ತು, ಆ ಜಾಗವನ್ನೇ ನಾನು ತಿಕ್ಕುತ್ತಿದ್ದೆ ಎಂದು ಗೊತ್ತಾಗುವುದಕ್ಕೆ ಆರು ವರ್ಷ ಹಿಡಿಯಿತು. ಆ ಆರು ವರ್ಷ ಯಾಕೆ ಹಿಡಿಯಿತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸರೋಜಾ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಯಾರಾದರೂ ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟು ಒಳಗೆ ತಳ್ಳಿದರೆ ನನ್ನಿಂದ ಒಂದು ಮಾತು ಕೇಳದೆ ಹೋಗುತ್ತಿರಲಿಲ್ಲ. ಮನೆ ಕಾವೂರಿನಲ್ಲಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಶುಭಾ. ಅವಳಿಗೆ ಕದ್ರಿಯ ಹತ್ತಿರ ವಿಮಾ ಕಚೇರಿಯಲ್ಲಿ ಕೆಲಸ. ಅಳಿಯ ಗಣೇಶ ಬಹ್ರೈನಿನಲ್ಲಿದ್ದಾನೆ. ಹಾಗಾಗಿ ಶುಭಾ ಮತ್ತು ಮಗು ನನ್ನ ಜೊತೆಯೇ ಇದ್ದರು, ಈಗಲೂ ಇದ್ದಾರೆ. ಗಣೇಶ ನನಗೆ ಅಳಿಯ ಮಾತ್ರ ಅಲ್ಲ, ನನ್ನ ಒಡಹುಟ್ಟಿದ ತಮ್ಮ ವಿಠಲನ ಮಗ. ಆ ಮದುವೆಯನ್ನು ಕೂಡಿಸಿದವಳು ನಾನೇ.

ಕೈ ಊದಿದ ಆ ದಿನ ಶುಭಾಳಿಗೆ ರಜೆ ಸಿಗಲಿಲ್ಲ. ನಾನೇ ಆಟೋ ಮಾಡಿಕೊಂಡು ಮಗುವನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ, ಸಮಾಧಾನದ ಡಾಕ್ಟರು. ಘಟ್ಟದ ಮೇಲಿನವರು, ನಮ್ಮ ತುಳುನಾಡಿನವರಲ್ಲ. ಹೊಸ ಫೈಲ್ ತೆರೆದು ಒಂದೊಂದೇ ಪ್ರಶ್ನೆ ಕೇಳಿದರು. ಹುಟ್ಟಿದಾಗ ತೂಕ ಎಷ್ಟು, ಯಾವ ಯಾವ ಲಸಿಕೆ ಆಗಿದೆ, ಎದೆಹಾಲು ಎಷ್ಟು ತಿಂಗಳು. ನಾನು ಪಟಪಟನೆ ಉತ್ತರ ಕೊಟ್ಟೆ.

"ಮಗುವಿನ ಅಪ್ಪ ಅಮ್ಮ ರಕ್ತ ಸಂಬಂಧದವರಾ?"

"ಇಲ್ಲ ಡಾಕ್ಟ್ರೇ. ಬರಿ ಬೇರೆ ಬೇರೆ."

ಬರಿ ಎಂದರೆ ಏನೆಂದು ಅವರು ಕೇಳಲಿಲ್ಲ. 'ಇಲ್ಲ' ಎಂಬುದನ್ನಷ್ಟೇ ಇಂಗ್ಲಿಷಿನಲ್ಲಿ ಬರೆದುಕೊಂಡರು.

ತುಳುನಾಡಿನವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ. ಅದನ್ನೇ ಬರಿ ಎನ್ನುತ್ತೇವೆ. ಅಮ್ಮನ ಬರಿ ಮಕ್ಕಳಿಗೆ, ಮಗಳ ಮೂಲಕ ಮೊಮ್ಮಕ್ಕಳಿಗೆ. ಅಪ್ಪನ ಬರಿ ಅಪ್ಪನಲ್ಲಿಗೇ ನಿಲ್ಲುತ್ತದೆ. ಒಂದೇ ಬರಿಯವರು ಯಾವ ಊರಲ್ಲಿದ್ದರೂ ಅಣ್ಣ ತಂಗಿ ಇದ್ದ ಹಾಗೆ, ಅವರೊಳಗೆ ಮದುವೆ ಇಲ್ಲ. ಆದರೆ ತಮ್ಮನ ಮಕ್ಕಳು ಅವನ ಹೆಂಡತಿಯ ಬರಿಗೆ ಸೇರುತ್ತಾರೆ. ಅಂದರೆ ಗಣೇಶ ನಮ್ಮವನಲ್ಲ, ನೆಂಟ. ಅಕ್ಕನ ಮಗಳನ್ನು ತಮ್ಮನ ಮಗನಿಗೆ ತರುವುದು ನಮ್ಮಲ್ಲಿ ತಪ್ಪಲ್ಲ, ಸಂತೋಷದ ಸಂಗತಿ. ನಮ್ಮ ನೆಂಟರಿಷ್ಟರಲ್ಲಿ ಯಾರ ಬರಿ ಯಾವುದು ಎಂಬ ಅನುಮಾನ ಬಂದರೆ ಫೋನು ಬರುತ್ತಿದ್ದುದು ನನಗೆ. "ಸರೋಜಕ್ಕ, ಈ ಹುಡುಗ ಆಗ್ತದಾ ನೋಡಿ" ಎಂದು ಕೇಳುತ್ತಿದ್ದರು. ನಾನು ಮೂರು ತಲೆಮಾರು ಹಿಂದೆ ಹೋಗಿ ಹೇಳುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆ ಇತ್ತು.

ಹಾಗಾದರೆ ನಾನು ಹೇಳಿದ್ದು ತಿಳಿಯದೆ ಹೇಳಿದ್ದೇ? ಹಾಗೆಂದು ಬರೆದು ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಡಾಕ್ಟರು ಕೇಳುವುದು ಬರಿಯ ವಿಷಯ ಅಲ್ಲ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ನಾನು ಓದು ಬರಹ ಇಲ್ಲದವಳಲ್ಲ. ಆ ಪ್ರಶ್ನೆಯಲ್ಲಿ ನನಗೆ ಒಂದು ಆಪಾದನೆ ಕೇಳಿಸಿತು. ನಾನು ಕೂಡಿಸಿದ ಮದುವೆಯ ಮೇಲೆ ಯಾರೋ ಬೆರಳು ತೋರಿಸಿದಂತಾಯಿತು. ಬರಿ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು, ಅದರ ಹಿಂದೆ ಅಡಗಿಕೊಂಡೆ. ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. ಡಾಕ್ಟರು ಕಬ್ಬಿಣದ ಟಾನಿಕ್ ಬರೆದುಕೊಟ್ಟರು.

ಟಾನಿಕ್ ಕುಡಿಸಿದೆ. ವರ್ಷಗಟ್ಟಲೆ ಕುಡಿಸಿದೆ.

ಊತ ಇಳಿಯಿತು. ಆಮೇಲೆ ಬೇರೆ ಬೇರೆಯಾಗಿ ಬಂತು. ಒಮ್ಮೆ ಕಾಲು ನೋವು, ಒಮ್ಮೆ ಬೆನ್ನು ನೋವು. ಆಗಾಗ ಕಣ್ಣು ಹಳದಿಯಾಗುತ್ತಿತ್ತು. ಕಾಮಾಲೆ ಎಂದುಕೊಂಡು ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಟ್ಟೆ, ಉಪ್ಪು ಎಣ್ಣೆ ಬಿಡಿಸಿದೆ. ಹಿಮೋಗ್ಲೋಬಿನ್ ಯಾವಾಗ ನೋಡಿದರೂ ಕಡಿಮೆ. "ಬೆಳೆಯುವ ಮಕ್ಕಳಿಗೆ ಕಾಲು ನೋವು ಬರ್ತದೆ" ಎಂದು ಒಬ್ಬರು ಹೇಳಿದರು. "ವಾತಜ್ವರ ಇರಬಹುದು" ಎಂದು ಇನ್ನೊಬ್ಬರು ತಿಂಗಳು ತಿಂಗಳು ಇಂಜೆಕ್ಷನ್ ಕೊಟ್ಟರು. ಎಲ್ಲಿಗೆ ಹೋದರೂ ಹಳೆಯ ಫೈಲ್ ಜೊತೆಗೆ ಹೋಗುತ್ತಿತ್ತು. ಹೊಸ ಡಾಕ್ಟರು ಮೊದಲ ಪುಟ ನೋಡಿ, ಅಲ್ಲಿದ್ದದ್ದನ್ನು ತಮ್ಮ ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ಸಂಬಂಧಿಕರೇ ಎಂದು ಮತ್ತೆ ಯಾರೂ ಕೇಳಲಿಲ್ಲ.

ಶಾಲೆಯಿಂದ ಫೋನು ಬರುವುದು ವಾಡಿಕೆಯಾಯಿತು. ಕರೆದುಕೊಂಡು ಬರುವಾಗ ದಾರಿಯಲ್ಲಿ ಬೈದದ್ದುಂಟು. "ಗಣಿತದ ಪರೀಕ್ಷೆ ಇರುವ ದಿನವೇ ಹೇಗೆ ಬರ್ತದೆ ನಿನಗೆ ಕಾಲು ನೋವು? ನಾಟಕ ಮಾಡ್ಬೇಡ" ಎಂದು ಹೇಳಿದ್ದೇನೆ. ಅವಳು ತುಟಿ ಕಚ್ಚಿ ನಡೆಯುತ್ತಿದ್ದಳು. 

ಐದು ವರ್ಷ ತುಂಬಿದಾಗ ಹರಕೆ ಹೊತ್ತು ಕದ್ರಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮೇಲಿನ ಕೆರೆಗಳಲ್ಲಿ ಸ್ನಾನ ಮಾಡಿದರೆ ಮೈಯ ಕಷ್ಟ ಕಳೆಯುತ್ತದೆ ಎಂಬುದು ನಂಬಿಕೆ. ಒಂದು ಕೆರೆಯಾದ ಮೇಲೆ ಇನ್ನೊಂದು, ಒಂದನ್ನೂ ಬಿಡದೆ ಮುಳುಗಿಸಿದೆ. ಚಳಿಯ ಬೆಳಗ್ಗೆ, ಐಸಿನಂಥ ನೀರು. "ಸಾಕು ಅಜ್ಜಿ, ಸಾಕು" ಎಂದು ಚಳಿಗೆ ಹಲ್ಲು ಕಟಕಟಿಸುತ್ತಿದ್ದಳು. ಕೆಲಸ ಅರ್ಧಕ್ಕೆ ಬಿಡುವ ಸ್ವಭಾವ ನನ್ನದಲ್ಲವಲ್ಲ, ಪೂರ್ತಿ ಮಾಡಿಸಿಯೇ ಮೇಲೆ ಹತ್ತಿಸಿದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ತೊಡೆ ಹಿಡಿದುಕೊಂಡು ನೆಲದಲ್ಲಿ ಹೊರಳಾಡಿದಳು. ದೇವರ ಮೇಲೆ ಸಿಟ್ಟು ಬಂತು. ಮೈ ತಣ್ಣಗಾದರೆ ಈ ಕಾಯಿಲೆಯ ನೋವು ಕೆರಳುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ದೇವರದ್ದೇನೂ ತಪ್ಪಿರಲಿಲ್ಲ.

ಒಂದನೇ ತರಗತಿ ಮುಗಿಯುವ ಹೊತ್ತಿಗೆ ಜ್ವರ ಬಂತು. ಎರಡನೆಯ ದಿನ ಎದೆ ನೋವು ಎಂದಳು. ಉಸಿರು ಎಳೆಯುವಾಗ ಪಕ್ಕೆಲುಬು ಒಳಗೆ ಹೋಗುತ್ತಿತ್ತು. ದೊಡ್ಡ ಆಸ್ಪತ್ರೆಗೆ ಅಡ್ಮಿಟ್ ಮಾಡಿದೆವು. ಆಕ್ಸಿಜನ್ ಹಾಕಿದರು. ಮರುದಿನ ವಾರ್ಡಿಗೆ ಬಂದದ್ದು ಚಿಕ್ಕ ಪ್ರಾಯದ ಒಬ್ಬ ಡಾಕ್ಟರಮ್ಮ. ಫೈಲನ್ನು ಮೊದಲಿನಿಂದ ಓದಿದರು. ನಾನು ಫ್ಲಾಸ್ಕಿನಿಂದ ಶುಭಾಳಿಗೆ ಚಹಾ ಬಗ್ಗಿಸುತ್ತಿದ್ದೆ.

"ನಿಮ್ಮದು ಸಂಬಂಧದಲ್ಲಿ ಆದ ಮದುವೆ ಅಲ್ಲ ಅಲ್ವಾ?" ಎಂದು ಶುಭಾಳನ್ನು ಕೇಳಿದರು.

"ಸಂಬಂಧದಲ್ಲೇ ಆದದ್ದು. ನನ್ನ ಸೋದರಮಾವನ ಮಗ."

ಡಾಕ್ಟರಮ್ಮ ಪುಟವನ್ನು ಇನ್ನೊಮ್ಮೆ ನೋಡಿದರು. "ಇಲ್ಲಿ ಇಲ್ಲ ಅಂತ ಬರ್ದಿದ್ದಾರೆ."

"ಯಾರು ಬರ್ದದ್ದು ಹಾಗೆ? ನಾನು ಹೇಳಲೇ ಇಲ್ಲ!" ಎಂದು ಶುಭಾ ಎದ್ದು ನಿಂತಳು.

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. 

ಸಂಬಂಧದ ಮದುವೆ ಎಂದರೆ ವಂಶದಿಂದ ಬರುವ ಕಾಯಿಲೆಯನ್ನೂ ನೋಡಬೇಕು ಎಂದು ಅದೇ ದಿನ ರಕ್ತ ತೆಗೆದು ಕಳಿಸಿದರು. ರಿಪೋರ್ಟ್ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಬಿಳಿ ಹಾಳೆಯಲ್ಲಿ ಚಿತ್ರ ಬರೆದರು. ಸಿಕಲ್ ಸೆಲ್ ಎಂದು ಹೆಸರು. ದುಂಡಗಿರಬೇಕಾದ ಕೆಂಪು ರಕ್ತಕಣ ಪೈರು ಕೊಯ್ಯುವ ಕತ್ತಿಯಂತೆ ಬಾಗುತ್ತದೆ, ಗಟ್ಟಿಯಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ. ಆ ಜಾಗಕ್ಕೆ ರಕ್ತ ಹೋಗುವುದಿಲ್ಲ, ಅದೇ ನೋವು. ಬಾಗಿದ ಕಣ ಬೇಗ ಸಾಯುತ್ತದೆ. ಅದಕ್ಕೇ ರಕ್ತ ಕಡಿಮೆ, ಅದಕ್ಕೇ ಕಣ್ಣು ಹಳದಿ. ಸೋಂಕು ತಡೆಯಬೇಕಾದ ಗುಲ್ಮ ಸುರುಟಿ ಹೋಗಿದೆ, ಇನ್ನು ಸಣ್ಣ ಜ್ವರ ಬಂದರೂ ಓಡಿ ಬರಬೇಕು. ಕಬ್ಬಿಣ ಕಡಿಮೆಯಾದ ಕಾಯಿಲೆ ಇದಲ್ಲ. ನಮ್ಮ ಕಡೆಯವರಲ್ಲಿ ಅಪರೂಪವಾದ್ದರಿಂದ ಯಾರಿಗೂ ಬೇಗ ಹೊಳೆಯುವುದಿಲ್ಲ ಎಂದೂ ಹೇಳಿದರು.

"ಇದು ಹೇಗೆ ಬಂತು?" ಎಂದು ಶುಭಾ ಕೇಳಿದಳು.

"ಇದರ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಇದ್ದರೆ ಕಾಯಿಲೆ ಆಗುವುದಿಲ್ಲ, ಒಳಗೆ ಇರ್ತದೆ ಅಷ್ಟೆ. ಎರಡೂ ಸೇರಿದರೆ ಹೀಗೆ. ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಾಧ್ಯತೆ ಉಂಟು."

ಮನೆಯವರ ರಕ್ತವನ್ನೆಲ್ಲ ನೋಡಿದರು. ಶುಭಾಳಲ್ಲಿ ಇತ್ತು. ಗಣೇಶ ಬಹ್ರೈನಿನಲ್ಲೇ ಪರೀಕ್ಷೆ ಮಾಡಿಸಿದ, ಅವನಲ್ಲೂ ಇತ್ತು. ನನ್ನಲ್ಲೂ ಇತ್ತು, ವಿಠಲನಲ್ಲೂ ಇತ್ತು. ಡಾಕ್ಟರಮ್ಮ ಹಾಳೆಯಲ್ಲಿ ವೃತ್ತ, ಚೌಕ ಎಳೆದು ಗೆರೆ ಕೂಡಿಸುತ್ತಾ ಹೋದರು. ನಾನು ಮತ್ತು ವಿಠಲ ಮೇಲೆ, ಕೆಳಗೆ ಶುಭಾ ಮತ್ತು ಗಣೇಶ, ಎರಡು ಗೆರೆಗಳೂ ಹೋಗಿ ಸೇರಿದ್ದು ಮನ್ವಿತಾಳಲ್ಲಿ. ನನಗೆ ಗೊತ್ತಿದ್ದ ವಂಶದ ಲೆಕ್ಕದಲ್ಲಿ ವಿಠಲನ ಕಡೆಯ ಗೆರೆ ಇರಲೇ ಇಲ್ಲ. ನನ್ನ ಲೆಕ್ಕದಲ್ಲಿ ಗಂಡಸಿನಿಂದ ಕೆಳಗೆ ಏನೂ ಇಳಿಯುವುದಿಲ್ಲ. ರಕ್ತದ ಲೆಕ್ಕದಲ್ಲಿ ಇಳಿಯುತ್ತದೆ.

ವಿಠಲನಿಗೆ ತೊಕ್ಕೊಟ್ಟಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಮಗುವಿಗೆ ನೀರಿನಂಶ ಹೆಚ್ಚು ಬೇಕು ಎಂದದ್ದೇ ತಡ, ದಿನಾ ಬೆಳಿಗ್ಗೆ ಹೊಳೆಯ ಸೇತುವೆ ದಾಟಿ ಎಳನೀರಿನ ಬೊಂಡ ತಂದುಕೊಡುತ್ತಿದ್ದ. ಒಳಗೆ ಮಾತ್ರ ಬರುತ್ತಿರಲಿಲ್ಲ. ಆಸ್ಪತ್ರೆಯ ವರಾಂಡದ ಕಂಬದ ಹತ್ತಿರ ಚೀಲ ಹಿಡಿದು ನಿಲ್ಲುತ್ತಿದ್ದ.

"ಬಾ ಮಾರಾಯ ಒಳಗೆ. ಮಗು ಕೇಳ್ತಾ ಉಂಟು."

"ಹೇಗೆ ಬರುವುದು ಅಕ್ಕ? ಎಂತ ಹೇಳಿ ಅವಳ ಮುಖ ನೋಡುವುದು?" ಎಂದ. ಮತ್ತೆ ತಗ್ಗಿದ ದನಿಯಲ್ಲಿ ಕೇಳಿದ. "ನಮ್ಮ ಅಪ್ಪನಿಂದ ಬಂದದ್ದಾ, ಅಮ್ಮನಿಂದಲಾ?"

ಗೊತ್ತಿಲ್ಲ ಎಂದೆ. ಇಬ್ಬರೂ ಎಂದೋ ಹೋಗಿದ್ದಾರೆ. ತಮ್ಮನ ಕಣ್ಣು ತುಂಬಿತ್ತು. ಅವನ ಅಂಗಿಯ ತೋಳನ್ನು ಸುಮ್ಮನೆ ಹಿಡಿದುಕೊಂಡು ನಿಂತೆ.

ಡಿಸ್ಚಾರ್ಜ್ ಆಗುವಾಗ ಮಾತ್ರೆಗಳ ಪಟ್ಟಿ ಕೊಟ್ಟರು. ದಿನಾ ಒಂದು ಕ್ಯಾಪ್ಸೂಲ್, ಸೋಂಕು ತಡೆಯಲು ಎರಡು ಹೊತ್ತು ಔಷಧಿ, ಬಿಟ್ಟುಹೋದ ಲಸಿಕೆಗಳು. ಮೆದುಳಿನ ರಕ್ತನಾಳ ಹೇಗಿದೆ ಎಂದು ನೋಡುವ ಒಂದು ಸ್ಕ್ಯಾನ್ ಉಂಟಂತೆ. ತಲೆಯ ಬದಿಗೆ ಯಂತ್ರ ಹಿಡಿದರೆ ಸಾಕು, ಸೂಜಿಯೂ ಇಲ್ಲ, ನೋವೂ ಇಲ್ಲ. ಈ ಕಾಯಿಲೆಯ ಮಕ್ಕಳಿಗೆ ಎರಡು ವರ್ಷದಿಂದಲೇ ವರ್ಷ ವರ್ಷ ಮಾಡಿಸಬೇಕು ಎಂದರು. ಜ್ವರ ಪೂರ್ತಿ ಇಳಿದು ಮೈ ಸುಧಾರಿಸಿದ ಮೇಲೆ ಬನ್ನಿ ಎಂದು ಒಂದು ಗುರುವಾರದ ದಿನ ಗೊತ್ತು ಮಾಡಿದರು.

ಅದಕ್ಕೆ ನಾಲ್ಕು ದಿನ ಮೊದಲಿನ ಭಾನುವಾರ. ಬೆಳಿಗ್ಗೆ ನೀರುದೋಸೆ ಹಾಕಿಕೊಟ್ಟಿದ್ದೆ. ಮನ್ವಿತಾಳಿಗೆ ಬೆಲ್ಲ ಕಾಯಿ ಸೇರಿಸಿ ತಿನ್ನುವುದೆಂದರೆ ಪ್ರಾಣ. ಒಂದು ತುಂಡು ಎತ್ತಿದಳು, ಬಿತ್ತು. ಇನ್ನೊಂದು ಎತ್ತಿದಳು, ಬಿತ್ತು.

"ಸರಿಯಾಗಿ ತಿನ್ನು, ಆಟ ಆಡ್ಬೇಡ" ಎಂದೆ.

ನನ್ನನ್ನು ನೋಡಿ ನಕ್ಕಳು. ಬಾಯಿಯ ಒಂದೇ ಬದಿ ನಕ್ಕಿತು.

ಏನೋ ಹೇಳಿದಳು. ಮಾತಾಗಲಿಲ್ಲ. ಬರೀ ಸದ್ದು ಬಂತು. ಬಲಗೈ ತಟ್ಟೆಯ ಮೇಲೆ ಬಿದ್ದುಕೊಂಡಿತ್ತು, ಬೆಲ್ಲ ಮೆತ್ತಿದ ಬೆರಳುಗಳು ತೆರೆದೇ ಇದ್ದವು. ಶುಭಾ ಎಂದು ಕೂಗಿದೆ. ಪಕ್ಕದ ಮನೆಯವರು ಕಾರು ತೆಗೆದರು. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಶುಭಾ ಕಿಟಕಿಯಿಂದ ಕೈ ಹೊರಗೆ ಹಾಕಿ "ಬಿಡಿ, ದಾರಿ ಬಿಡಿ" ಎಂದು ಕಿರುಚುತ್ತಿದ್ದಳು. ನಾನು ಮಗುವಿನ ತಲೆ ಹಿಡಿದು ಕೂತಿದ್ದೆ.

ಏಳು ವರ್ಷದ ಮಗುವಿಗೆ ಸ್ಟ್ರೋಕ್.

ನಮ್ಮ ಕಡೆ ಅಜ್ಜಂದಿರಿಗೆ ಬರುವ ಕಾಯಿಲೆ ಅದು. ಐಸಿಯುವಿನ ಹೊರಗೆ ಕೂತು, ನನಗೆ ಬರಬೇಕಾದದ್ದು ವಿಳಾಸ ತಪ್ಪಿ ಹೋಯಿತೇ ಎಂದುಕೊಂಡೆ. ಅಂಚೆಯವಳ ಯೋಚನೆ ಅಲ್ಲಿಯೂ ಬಿಡಲಿಲ್ಲ. ಅವಳ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆ ರಕ್ತ ಕೊಟ್ಟರು. ಮೂರನೆಯ ದಿನ ಕಣ್ಣು ಬಿಟ್ಟು ನೋಡಿದಳು. ಎಂಟನೆಯ ದಿನ "ಅಮ್ಮ" ಎಂದಳು. ಇಪ್ಪತ್ತು ದಿನದ ಮೇಲೆ ನಡೆಯುತ್ತಾ ಮನೆಗೆ ಬಂದಳು, ಬಲಗಾಲು ಎಳೆದುಕೊಂಡು. ಮಾತು ನಿಧಾನ. ಬಲಗೈ ಮಾತ್ರ ಹಿಂದಿನಂತಾಗಲಿಲ್ಲ. ಗಣೇಶ ರಜೆ ಹಾಕಿ ಬಂದು ಎರಡು ತಿಂಗಳು ಇದ್ದು, ಎಡಗೈಯಲ್ಲಿ ಅಕ್ಷರ ತಿದ್ದಿಸಿ ಹೋದ.

ಅಂದಿನಿಂದ ತಿಂಗಳಿಗೊಮ್ಮೆ ರಕ್ತ ಕೊಡಿಸಬೇಕು. ಇನ್ನೊಂದು ಸ್ಟ್ರೋಕ್ ಬಾರದಿರಲು ಸದ್ಯಕ್ಕೆ ಇರುವ ದಾರಿ ಅದೇ. ಹಾಗೆ ಕೊಟ್ಟ ರಕ್ತದಿಂದ ಕಬ್ಬಿಣ ಮೈಯಲ್ಲಿ ಕೂಡಿಕೊಳ್ಳುತ್ತದೆ, ಅದನ್ನು ಹೊರಹಾಕಲು ಬೇರೆ ಮಾತ್ರೆ. ಆರು ವರ್ಷ ನಾನು ಚಮಚದಲ್ಲಿ ಅಳೆದು ಕುಡಿಸಿದ್ದೂ ಕಬ್ಬಿಣವನ್ನೇ. ಚೀಲದಲ್ಲಿ ಬರುವ ರಕ್ತ ಯಾರದ್ದೆಂದು ನಮಗೆ ಗೊತ್ತಿಲ್ಲ. ಅವರ ಬರಿ ಯಾವುದು, ಜಾತಿ ಯಾವುದು ಎಂದು ಕೇಳುವ ಕಾಲಂ ಅದರ ಮೇಲೆ ಇಲ್ಲ. ಆ ಗುರುತಿಲ್ಲದವರಿಗೆ ನಾನು ಪ್ರತಿ ತಿಂಗಳು ಕೈಮುಗಿಯುತ್ತೇನೆ.

ಆ ದಿನಗಳಲ್ಲೇ ಒಬ್ಬರು ನೆಂಟರು ಫೋನು ಮಾಡಿದರು. ಮಗಳಿಗೆ ಸೋದರತ್ತೆಯ ಮಗನನ್ನೇ ನೋಡಿದ್ದಾರಂತೆ, ಬರಿ ಸರಿ ಉಂಟಲ್ಲ ಎಂದು ಕೇಳಿದರು. "ಬರಿ ಸರಿ ಉಂಟು. ಇಬ್ಬರ ರಕ್ತ ಪರೀಕ್ಷೆ ಮಾಡಿಸಿ" ಎಂದೆ. ಅವರು "ಎಂತ ಸರೋಜಕ್ಕ, ಶುಭಕಾರ್ಯದ ಹೊತ್ತಿಗೆ ಹೀಗೆ ಹೇಳುವುದಾ" ಎಂದು ಫೋನು ಇಟ್ಟರು. ಆಮೇಲೆ ಅಂಥ ಫೋನುಗಳು ಕಡಿಮೆಯಾದವು. ಅದರ ಬೇಸರ ನನಗಿಲ್ಲ.

ನನ್ನ ಬೇಸರ ಬೇರೆ ಇತ್ತು. ಶುಭಾ ದಿನಾ ಒಂದೇ ಮಾತು ಹೇಳುತ್ತಿದ್ದಳು. "ಎರಡು ವರ್ಷಕ್ಕೇ ಗೊತ್ತಾಗಿದ್ರೆ ಸ್ಕ್ಯಾನ್ ಆಗ್ತಿತ್ತು. ಸ್ಕ್ಯಾನ್ ಆಗಿದ್ರೆ ಮೊದಲೇ ರಕ್ತ ಶುರು ಮಾಡ್ತಿದ್ರು. ಅವಳ ಕೈ ಉಳೀತಿತ್ತು ಅಮ್ಮ." ನಾನು ಹೌದು ಎನ್ನುತ್ತಿದ್ದೆ. "ಕೇಳದೆ ಮಾಡದೆ ಇಲ್ಲ ಅಂತ ಬರ್ದ ಆ ಡಾಕ್ಟರನ್ನು ನಾನು ಬಿಡುವುದಿಲ್ಲ." ಆಗ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಒಂದು ದಿನ ನಿಜವಾಗಿಯೇ ವೈದ್ಯಕೀಯ ಮಂಡಳಿಗೆ ದೂರು ಬರೆದಳು. ಮೂರು ಪುಟ, ಫೈಲಿನ ಮೊದಲ ಪುಟದ ಪ್ರತಿ ಜೊತೆಗೆ. ಕವರಿಗೆ ಹಾಕಿ ಅಂಟಿಸಿ ನನ್ನ ಕೈಗೇ ಕೊಟ್ಟಳು. "ನೀನೇ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಾ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?"

ಅಂಚೆ ಕಚೇರಿಯವರೆಗೂ ಹೋದೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಕೌಂಟರಿನ ಹುಡುಗಿ ನನ್ನನ್ನು ಗುರುತಿಸಿ "ಎಂತ ಮೇಡಂ, ಆರಾಮಾ?" ಎಂದಳು. ಹತ್ತು ರೂಪಾಯಿಯ ಸ್ಟಾಂಪ್ ತೆಗೆದುಕೊಂಡು ಹಿಂದೆ ಬಂದೆ. ಮೂವತ್ತೊಂದು ವರ್ಷದಲ್ಲಿ ಒಬ್ಬರ ಒಂದು ಕಾಗದವನ್ನೂ ತಡೆದವಳಲ್ಲ ನಾನು. ಮಗಳ ಕಾಗದವನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿಟ್ಟೆ. ಕಳಿಸಿದರೆ ಒಬ್ಬ ನಿರಪರಾಧಿಗೆ ಕಷ್ಟ. ಕಳಿಸದಿರಲು ಕಾರಣ ಹೇಳಿದರೆ ಮಗಳು ಕೈಬಿಟ್ಟು ಹೋಗುತ್ತಾಳೆ. ಅವಳು ಹೋದರೆ ಮನ್ವಿತಾಳೂ ಹೋಗುತ್ತಾಳೆ. ಆ ಹೆದರಿಕೆಯಲ್ಲಿ ಒಂಬತ್ತು ದಿನ ಸುಳ್ಳು ಹೇಳಿದೆ.

ಹತ್ತನೆಯ ದಿನ ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಶುಭಾ ಮೊಬೈಲ್ ಹಿಡಿದು ಕೂತಳು. "ರಶೀದಿ ಕೊಡು ಅಮ್ಮ. ತಲುಪಿದೆಯಾ ಅಂತ ನಂಬರ್ ಹಾಕಿ ನೋಡ್ತೇನೆ."

ಕಪಾಟಿನಿಂದ ಕವರು ತಂದು ಅವಳ ಮುಂದೆ ಇಟ್ಟೆ.

"ಕಳಿಸ್ಲಿಲ್ವಾ?"

"ಇಲ್ಲ."

"ಎಂತಕ್ಕೆ?"

"ಆ ಡಾಕ್ಟರು ಕೇಳದೆ ಬರೆದದ್ದಲ್ಲ. ಕೇಳಿದ್ರು. ಇಲ್ಲ ಅಂತ ಹೇಳಿದ್ದು ನಾನು."

ಅವಳು ಮೊಬೈಲ್ ಕೆಳಗಿಟ್ಟಳು. ಆಮೇಲೆ ಕೇಳಿದಳು. "ಗಣೇಶ ನಿನ್ನ ತಮ್ಮನ ಮಗ ಅಂತ ನಿನಗೆ ಗೊತ್ತಿರ್ಲಿಲ್ವಾ ಅಮ್ಮ?"

"ಗೊತ್ತಿತ್ತು."

"ಮತ್ತೆ?"

ಬರಿ ಎಂದು ಶುರು ಮಾಡಿದೆ.  ಹತ್ತಾರು ಮದುಮಕ್ಕಳಿಗೆ ಒಪ್ಪಿಗೆ ಕೊಟ್ಟ ಆ ಮಾತು ನನ್ನ ಮಗಳ ಮುಂದೆ ನಿಲ್ಲಲಿಲ್ಲ.

"ವಾರ್ಡಿನಲ್ಲಿ ನಾನು ಕೂಗಾಡುವಾಗ ನೀನು ಪಕ್ಕದಲ್ಲೇ ಇದ್ದಿ. ಆಗ ಹೇಳ್ಲಿಲ್ಲ. ಈಗ ಎಂತಕ್ಕೆ ಹೇಳುವುದು? ನಿನಗೆ ಹಗುರ ಆಗ್ಲಿಕ್ಕಾ?"

 ಹೌದು, ಅದಕ್ಕೂ ಇರಬಹುದು. ಅವಳು ಕವರು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಕೇಳಿಸಿತು. ತಟ್ಟುವ ಧೈರ್ಯ ನನಗಾಗಲಿಲ್ಲ.

ಅವಳು ಮನೆ ಬಿಟ್ಟು ಹೋಗಲಿಲ್ಲ. ಅವಳಿಗೆ ಕೆಲಸಕ್ಕೆ ಹೋಗಬೇಕು, ಮಗುವನ್ನು ನೋಡಿಕೊಳ್ಳಲು ಜನ ಬೇಕು, ಅದಕ್ಕೆ ನಾನಲ್ಲದೆ ಬೇರೆ ಯಾರಿದ್ದಾರೆ? ಅದನ್ನು ಕ್ಷಮೆ ಎಂದು ನಾನು ತಿಳಿದುಕೊಳ್ಳಲಿಲ್ಲ. ಬೇಕಾದಷ್ಟೇ ಮಾತು ಉಳಿಯಿತು. "ಮಾತ್ರೆ ಎಂಟಕ್ಕೆ." "ನೀರು ಎರಡು ಬಾಟ್ಲಿ." "ಶಾಲೆಯಿಂದ ಬಂದ ಮೇಲೆ ಕೈಯ ವ್ಯಾಯಾಮ." ಅಮ್ಮ ಎಂಬ ಕರೆ ಇರಲಿಲ್ಲ. ರಕ್ತ ಕೊಡಿಸುವ ದಿನ ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದೆ, ಆದರೆ ಒಳಗೆ ಬರಲು ಹೊರಟಾಗ "ನೀನು ಹೊರಗೆ ಕೂತ್ಕೊ" ಎಂದಳು. ಹೊರಗೆ ಕೂತೆ. ಮುಂದಿನ ತಿಂಗಳೂ ಕೂತೆ.

ಮಕ್ಕಳ ಕಣ್ಣು ತಪ್ಪಿಸಲಿಕ್ಕಾಗುವುದಿಲ್ಲ. ಒಂದು ಸಂಜೆ ಮನ್ವಿತಾ ತನ್ನ ನಿಧಾನದ ಮಾತಿನಲ್ಲಿ ಕೇಳಿದಳು. "ಅಜ್ಜಿ, ನಿಮಗೂ ಅಮ್ಮನಿಗೂ ಜಗಳವಾ?"

"ಹೌದು."

"ಯಾರದ್ದು ತಪ್ಪು?"

"ನನ್ನದು."

"ಹಾಗಾದ್ರೆ ಸಾರಿ ಹೇಳಿ ಮುಗಿಸಿ" ಎಂದು ಎಡಗೈಯಲ್ಲಿ ಬಣ್ಣ ತುಂಬುವುದನ್ನು ಮುಂದುವರಿಸಿದಳು. ಗೆರೆಯಿಂದ ಹೊರಗೆ ಹೋದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಸಾರಿ ಹೇಳಿದ್ದೆ. ಒಮ್ಮೆಯಲ್ಲ, ಎಷ್ಟೋ ಸಲ. ಅಷ್ಟಕ್ಕೆ ಮುಗಿಯುವಂಥದ್ದಲ್ಲ ಎಂದು ಎಂಟು ವರ್ಷದವಳಿಗೆ ಹೇಗೆ ತಿಳಿಸುವುದು? ಡಾಕ್ಟರಮ್ಮನಲ್ಲಿಯೂ ಒಮ್ಮೆ ಎಲ್ಲ ಹೇಳಿಕೊಂಡೆ. "ನೀವು ಹೌದು ಅಂದಿದ್ರೂ ಆಗ ಪತ್ತೆ ಆಗ್ತಿತ್ತು ಅಂತ ಗ್ಯಾರಂಟಿ ಇಲ್ಲ ಅಜ್ಜಿ" ಎಂದರು. ಒಳ್ಳೆಯ ಮನಸ್ಸಿನವರು. ಆದರೆ ಆಗಿರಲೂಬಹುದಿತ್ತಲ್ಲ. ಆ 'ಬಹುದಿತ್ತು' ಇಟ್ಟುಕೊಂಡೇ ನಾನು ಇನ್ನುಳಿದ ದಿನ ಬದುಕಬೇಕು.

ಕಳೆದ ತಿಂಗಳ ಮಾತು. ಎಂದಿನಂತೆ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಶುಭಾ ಮಗುವನ್ನು ಒಳಗೆ ಕರೆದುಕೊಂಡು ಹೋದಳು, ನಾನು ಬಾಗಿಲ ಹೊರಗಿನ ಕುರ್ಚಿಯಲ್ಲಿ ಕೂತೆ. ಪದೇ ಪದೇ ಚುಚ್ಚಿಸಿಕೊಂಡು ಅವಳ ನರಗಳು ಸಿಗುವುದೇ ಕಷ್ಟವಾಗಿದೆ. ರಕ್ತ ಏರಿಸುವ ಕ್ಯಾನುಲಾ ಸೂಜಿ ಹಾಕುವುದು ಚೆನ್ನಾಗಿರುವ ಎಡಗೈಗೆ. ಮೊದಲ ಸಲ ಚುಚ್ಚಿದಾಗಿನ ಅಳು ಕೇಳಿಸಿತು. ಎರಡನೆಯ ಸಲದ್ದೂ ಕೇಳಿಸಿತು. "ಬೇಡ, ಬೇಡ, ನಾಳೆ ಮಾಡಿ" ಎಂದು ಕೂಗುತ್ತಿದ್ದಳು. ಸಿಸ್ಟರ್ "ಕೈ ಎಳೀಬೇಡ ಪುಟ್ಟಾ" ಎನ್ನುತ್ತಿದ್ದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಬಾಗಿಲು ತೆರೆಯಿತು. ಶುಭಾ ನಿಂತಿದ್ದಳು. ಕೂದಲು ಕೆದರಿತ್ತು, ಮುಖವೆಲ್ಲ ಬೆವರು.

"ಅಮ್ಮ, ಒಳಗೆ ಬಾ" ಎಂದಳು. "ಎಡಗೈ ನಾನು ಹಿಡ್ಕೊಳ್ತೇನೆ. ಆ ಕೈ ನೀನು ಹಿಡ್ಕೊ."

ಹೋದೆ. ಮಂಚದ ಬಲಬದಿಯಲ್ಲಿ ನಿಂತು ಮನ್ವಿತಾಳ ಬಲಗೈ ಹಿಡಿದೆ. ಆ ಕೈಯಲ್ಲಿ ಎಳೆಯುವ ಶಕ್ತಿ ಇಲ್ಲ. ಅದನ್ನು ಯಾರೂ ಹಿಡಿಯಬೇಕಾಗಿರಲಿಲ್ಲ. ಸಿಸ್ಟರಿಗೆ ಅದು ಗೊತ್ತಿತ್ತು. ಶುಭಾಳಿಗೂ ಗೊತ್ತಿತ್ತು.

ಮೂರನೆಯ ಸಲಕ್ಕೆ ನರ ಸಿಕ್ಕಿತು. ರಕ್ತ ಹನಿಯತೊಡಗಿತು. ಶುಭಾ ನನ್ನ ಮುಖ ನೋಡಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಚೀಲ ಖಾಲಿಯಾಗುವವರೆಗೆ ನಾನು ಆ ಕೈಯನ್ನು ಹಿಡಿದುಕೊಂಡೇ ಇದ್ದೆ.